ಮಿಕ್ಕ ತುಂಡುಗಳು

(ಧ್ಯಾನಕ್ಕೆ ಆಧಾರ: ಯೋಹಾನನು ಬರೆದ ಸುವಾರ್ತೆ, 6ನೆಯ ಅಧ್ಯಾಯ, 12 ಮತ್ತು 13ನೆಯ ವಚನಗಳು)



ಗಲಿಲಾಯ ಸಮುದ್ರದ ಆಚೆಯ ದಡದಲ್ಲಿ ನಮ್ಮ ಕರ್ತನು ಐದು ರೊಟ್ಟಿ ಎರಡು ಮೀನುಗಳಿಂದ ಐದು ಸಾವಿರ ಮಂದಿಯನ್ನು ತೃಪ್ತಿಪಡಿಸಿದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಸಂಡೇಸ್ಕೂಲಿನ ಚಿಕ್ಕ ಮಗುವೂ ಅದನ್ನು ಹೇಳಬಲ್ಲದು. ಆದರೆ ಎಲ್ಲರೂ ಉಂಡ ಮೇಲೆ ನಡೆದ ಮತ್ತೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಓದಿ ದಾಟಿಬಿಡುತ್ತೇವೆ. ಕರ್ತನು ಶಿಷ್ಯರನ್ನು ಕರೆದು, ಮಿಕ್ಕ ತುಂಡುಗಳಲ್ಲಿ ಒಂದಾದರೂ ಹಾಳಾಗದಂತೆ ಎಲ್ಲವನ್ನೂ ಕೂಡಿಸಬೇಕೆಂದು ಅಪ್ಪಣೆಕೊಟ್ಟನು. ಅವರು ಬೊಗ್ಗಿ ಆಯ್ದರು. ಹನ್ನೆರಡು ಪುಟ್ಟಿಗಳು ತುಂಬಿದವು.

ಇದೇನು ಆಶ್ಚರ್ಯ! ಬಡವನು ತುಂಡನ್ನು ಆಯುವದು ಲೋಕದ ರೂಢಿ. ಇಲ್ಲಿ ಆಯಿಸಿದವನಾದರೋ ಬೇಕಾದಷ್ಟು ರೊಟ್ಟಿಯನ್ನು ಮತ್ತೆ ಉಂಟುಮಾಡಬಲ್ಲವನು. ಆತನಿಗೆ ಕೊರತೆಯಿದ್ದದರಿಂದ ಹೀಗೆ ಮಾಡಿಸಲಿಲ್ಲ. ತಂದೆಯು ಕೊಟ್ಟದ್ದರ ಬೆಲೆಯನ್ನು ಬಲ್ಲವನಾದದರಿಂದ ಮಾಡಿಸಿದನು. ನಮ್ಮ ಸೀಮೆಯ ಒಕ್ಕಲುಮಕ್ಕಳಿಗೆ ಇದು ತಿಳಿಯದ ಮಾತಲ್ಲ. ಕಣದಲ್ಲಿ ರಾಗಿಯ ರಾಶಿಯನ್ನು ಅಳೆದು ಚೀಲಕ್ಕೆ ತುಂಬಿದ ಮೇಲೆಯೂ ಮನೆಯ ಹಿರಿಯ ಹೆಂಗಸು ಪೊರಕೆ ಮೊರಗಳನ್ನು ಹಿಡಿದು ಹೋಗಿ, ಅಂಚಿನ ಮಣ್ಣಿನಲ್ಲಿ ಬೆರೆತ ಕಾಳನ್ನು ಗುಡಿಸಿ ಕೇರಿ ಮಡಲಿಗೆ ಹಾಕಿಕೊಳ್ಳುತ್ತಾಳೆ. ಕೊಯ್ದ ಹೊಲದಲ್ಲಿ ಉಳಿದ ತೆನೆಗಳಿಗೆ ಹಕ್ಕಲು ಎಂಬ ಹೆಸರೇ ನಮ್ಮ ಭಾಷೆಯಲ್ಲಿ ಉಂಟು. ರೂತಳು ಬೋವಜನ ಹೊಲದಲ್ಲಿ ಆಯ್ದು ತಂದು ಅತ್ತೆಯನ್ನು ಸಾಕಿದ್ದು ಇದೇ ಹಕ್ಕಲನ್ನು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಕಂಡು.

ಪ್ರಿಯರೇ, ಕಾಳಿನ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು ದಿನಗಳ ವಿಷಯದಲ್ಲಿ ಎಷ್ಟು ಜಾಗರೂಕರಾಗಿದ್ದೇವೆ? ಒಂದು ದಿನದ ದೊಡ್ಡ ಪಾಲನ್ನು ಕೆಲಸವೇ ಉಣ್ಣುತ್ತದೆ. ಉತ್ತು ನೀರು ಕಟ್ಟುವದು, ಕಬ್ಬು ಕಡಿಯುವದು, ಹಸು ಕರೆದು ಡೇರಿಗೆ ಹಾಲು ಹಾಕುವದು, ಕೂಲಿಗೆ ಹೋಗುವದು, ಬಸ್ಸು ಕಾಯುವದು, ಇವೆಲ್ಲ ಮುಗಿದ ಮೇಲೆ ಮನೆಯವರ ಪಾಲಿಗೆ ಉಳಿಯುವದು ತುಂಡು ತುಂಡಾದ ಹೊತ್ತು ಮಾತ್ರ. ಒಲೆಯ ಮುಂದೆ ಕೂತು ಹಿಟ್ಟು ಉಣ್ಣುವ ಅರ್ಧ ಗಳಿಗೆ. ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವ ಹೊತ್ತು. ಜಗಲಿಯ ಮೇಲೆ ಅಜ್ಜಿಯ ಕಾಲೊತ್ತುತ್ತಾ ಕಥೆ ಕೇಳುವ ಹೊತ್ತು. ದೀಪ ಆರಿಸಿದ ಮೇಲೆ ಗಂಡಹೆಂಡಿರು ಆಡುವ ನಾಲ್ಕು ಮಾತು. ಇವನ್ನು ನಾವು ಲೆಕ್ಕಕ್ಕೆ ಹಿಡಿಯುವದಿಲ್ಲ. ಮದುವೆ, ಕ್ರಿಸ್ಮಸ್ಸು, ಹೊಸಮನೆಯ ಪ್ರತಿಷ್ಠೆ ಮುಂತಾದವುಗಳೇ ಸಂಸಾರದ ದೊಡ್ಡ ದಿವಸಗಳೆಂದು ಎಣಿಸುತ್ತೇವೆ. ಆದರೆ ಕರ್ತನು ಪುಟ್ಟಿ ಹಿಡಿದು ಆಯಿಸುವದು ತುಂಡುಗಳನ್ನು. ಸಂಸಾರದ ಪ್ರೀತಿಯು ಈ ತುಂಡುಗಳಲ್ಲಿಯೇ ಇದೆ, ಇವು ಹಾಳಾದರೆ ಅದೂ ಹಾಳಾಗುವದು ಎಂಬದೇ ಈ ಹೊತ್ತಿನ ಬೋಧನೆ.

ಮೊದಲನೆಯದಾಗಿ, ಕರ್ತನು ಮನೆಯ ಚಿಕ್ಕ ಸಂಗತಿಗಳನ್ನು ಅಲ್ಪವೆಂದು ಎಣಿಸಲಿಲ್ಲವೆಂಬದನ್ನು ನೋಡೋಣ. ಈ ಅದ್ಭುತಕಾರ್ಯವು ಎಲ್ಲಿಂದ ಆರಂಭವಾಯಿತು? ಒಬ್ಬ ಹುಡುಗನ ಬುತ್ತಿಯಿಂದ. ಅಂದ್ರೆಯನು ಆ ಹುಡುಗನನ್ನು ತೋರಿಸುವಾಗ, ಇಷ್ಟು ಜನಕ್ಕೆ ಇದು ಎಷ್ಟರದೆಂದು ಸಂಶಯಪಟ್ಟನು. ಆ ರೊಟ್ಟಿಗಳು ಜವೆಗೋದಿಯವು. ಜವೆಗೋದಿಯು ಆ ದೇಶದಲ್ಲಿ ಬಡವರ ಧಾನ್ಯ, ನಮ್ಮಲ್ಲಿ ರಾಗಿ ಇದ್ದ ಹಾಗೆ. ಅವನ್ನು ಸುಟ್ಟವರು ಯಾರೆಂದು ಗ್ರಂಥವು ಹೇಳುವದಿಲ್ಲ; ಆದರೆ ರೊಟ್ಟಿಯು ತಾನಾಗಿ ಬೇಯುವದಿಲ್ಲವಷ್ಟೆ! ಯಾವ ಕೈಯೋ ಹಿಟ್ಟು ನಾದಿ, ಬೇಯಿಸಿ, ಕಟ್ಟಿಕೊಟ್ಟಿರಬೇಕು. ಸಾವಿರಾರು ಜನರ ಹಸಿವನ್ನು ನೀಗಿಸಿದ ರೊಟ್ಟಿ ಹೀಗೆ ದಿನದ ಒಂದು ಸಣ್ಣ ಕೆಲಸದಿಂದ ಬಂದದ್ದು. ಮುಂಜಾನೆ ಮಗನಿಗೆ ಬುತ್ತಿ ಕಟ್ಟುವ ತಾಯಂದಿರೇ, ನೀವು ಕಟ್ಟುವ ಗಂಟು ಎಲ್ಲಿಯ ವರೆಗೆ ಹೋಗುವದೋ ನಿಮಗೆ ತಿಳಿಯದು.

ಇದಲ್ಲದೆ ನಮ್ಮ ಕರ್ತನ ಜೀವಮಾನವನ್ನು ಯೋಚಿಸಿರಿ. ಆತನು ಬೋಧಿಸಲಾರಂಭಿಸಿದಾಗ ಸುಮಾರು ಮೂವತ್ತು ವರುಷದವನಾಗಿದ್ದನೆಂದು ಲೂಕನು ಬರೆಯುತ್ತಾನೆ. ಊರೂರು ತಿರುಗಿ ಸೇವೆ ಮಾಡಿದ್ದು ಸುಮಾರು ಮೂರು ವರುಷ. ನಜರೇತಿನ ಬಡಗಿಯ ಮನೆಯಲ್ಲಿ ಕಳೆದದ್ದೋ ಅದಕ್ಕೆ ಹಲವು ಪಾಲು ಹೆಚ್ಚು. ಆ ವರುಷಗಳು ವ್ಯರ್ಥವಾದವೋ? ಇಲ್ಲ. ಆತನ ಸಾಮ್ಯಗಳನ್ನು ಓದಿ ನೋಡಿರಿ. ಹಿಟ್ಟಿನಲ್ಲಿ ಹುಳಿಯನ್ನು ಕಲಸಿಡುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು, ಹಳೇ ಬಟ್ಟೆಗೆ ಹಾಕುವ ತೇಪೆ, ದೀಪಸ್ತಂಭದ ಮೇಲಿನ ದೀಪ, ಪೇಟೆಯ ಬೀದಿಯಲ್ಲಿ ಆಡುತ್ತಾ ಜಗಳವಾಡುವ ಮಕ್ಕಳು, ನಡುರಾತ್ರಿಯಲ್ಲಿ ಮಕ್ಕಳೊಂದಿಗೆ ಮಲಗಿ ಬಾಗಿಲು ತೆಗೆಯಲೊಲ್ಲದ ತಂದೆ. ಇವೆಲ್ಲ ಅರಮನೆಯ ಸಂಗತಿಗಳಲ್ಲ, ಬಡವರ ಮನೆಯ ಸಂಗತಿಗಳು. ಮಗುವಾಗಿದ್ದಾಗ ಕಂಡ ತುಂಡುಗಳಲ್ಲಿ ಒಂದನ್ನೂ ಆತನು ಹಾಳುಮಾಡಲಿಲ್ಲ. ಎಲ್ಲವನ್ನೂ ಕೂಡಿಸಿಟ್ಟುಕೊಂಡು, ಪರಲೋಕರಾಜ್ಯದ ಗುಟ್ಟನ್ನು ಅವುಗಳಿಂದಲೇ ನಮಗೆ ತೋರಿಸಿಕೊಟ್ಟನು.

ಎರಡನೆಯದಾಗಿ, ದೊಡ್ಡ ವರಗಳು ಚಿಕ್ಕ ಕಾಲುವೆಗಳಿಂದಲೇ ನಮ್ಮನ್ನು ಮುಟ್ಟುತ್ತವೆ. ಇದಕ್ಕೆ ಸಾಕ್ಷಿಯನ್ನು ಮಂಡ್ಯ ಸೀಮೆಯವರು ದೂರ ಹುಡುಕಬೇಕಾಗಿಲ್ಲ. ಕನ್ನಂಬಾಡಿಯ ಕಟ್ಟೆಯ ಕೆಲಸವು 1911ನೆಯ ಇಸವಿಯಲ್ಲಿ ಮೊದಲಾಗಿ ಸುಮಾರು ಇಪ್ಪತ್ತು ವರುಷ ನಡೆಯಿತು. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಈಗ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯು ಹುಲಿಕೆರೆಯ ಬಳಿಯಲ್ಲಿ ಸುರಂಗದೊಳಗೆ ಹಾದು ಈ ಸೀಮೆಗೆ ಬಂದಿತು. ಒಣಗಿದ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿ ಸ್ಥಾಪನೆಯಾಯಿತು. ಇಂದಿಗೂ ಮಳೆಗಾಲ ಬಂದರೆ ಕಟ್ಟೆಯ ನೀರು 124.80 ಅಡಿಗೆ ಏರಿತೇ ಎಂದು ನಾವೆಲ್ಲರೂ ಪತ್ರಿಕೆಯಲ್ಲಿ ನೋಡುತ್ತೇವೆ.

ಆದರೆ ಕಟ್ಟೆ ತುಂಬಿದ ಮಾತ್ರಕ್ಕೆ ಪೈರಿನ ಬೇರು ತೊಯ್ಯುವದೋ? ನೀರು ದೊಡ್ಡ ನಾಲೆಯಿಂದ ಶಾಖಾ ನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಒಂದು ಮೊಳ ಅಗಲದ ಕಾಲುವೆಗೆ ಬರಬೇಕು. ಕಡೆಗೆ ಒಬ್ಬ ರೈತನು ಗುದ್ದಲಿ ಹಿಡಿದು ಬದುವಿನ ಬಾಯನ್ನು ಬಿಡಿಸಿದರೆ ಮಾತ್ರ ಅದು ಗದ್ದೆಗೆ ಇಳಿಯುವದು. ಆ ಮೊಳದಗಲದ ಕಾಲುವೆಯಲ್ಲಿ ಹೂಳು ತುಂಬಿ ಹುಲ್ಲು ಬೆಳೆದರೆ, ಕಟ್ಟೆಯಲ್ಲಿ ಸಮುದ್ರವೇ ನಿಂತಿದ್ದರೂ ಪೈರು ಬಾಡುವದು. ನಾಲೆಯ ಕೊನೆಯ ಭಾಗದ ಮಳವಳ್ಳಿಯ ರೈತರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಕಟ್ಟೆ ತುಂಬಿತೆಂಬ ಸುದ್ದಿಯನ್ನು ಕೇಳಿ, ಕಟ್ಟು ಪದ್ಧತಿಯ ಸರದಿಯನ್ನು ಎಣಿಸಿ, ತಮ್ಮ ತೂಬಿನ ಬಳಿಯಲ್ಲಿ ನೀರಿಗಾಗಿ ಕಾದು ಕೂತವರು ಅವರಲ್ಲಿ ಎಷ್ಟೋ ಮಂದಿ!

ಹೀಗೆಯೇ ಅನೇಕ ತಂದೆಗಳ ಪ್ರೀತಿಯು ಕಟ್ಟೆಯಲ್ಲಿ ನಿಂತ ನೀರಾಗಿದೆ. ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಮಕ್ಕಳಿಗಾಗಿಯೇ ಅವನು ಹಗಲಿರುಳು ದುಡಿಯುತ್ತಾನೆ, ಅವರ ಓದಿಗಾಗಿಯೇ ಸಾಲ ಮಾಡುತ್ತಾನೆ. ಆದರೆ ಅವನು ಮನೆಗೆ ಬಂದಾಗ ಮಕ್ಕಳು ಮಲಗಿರುತ್ತಾರೆ. ಎಚ್ಚರವಾಗಿದ್ದರೂ ಅವನು ಮಾತಾಡುವದಿಲ್ಲ. ಮಾತಾಡಿದರೂ ಅದು ಬೈಗುಳವೇ. ದೊಡ್ಡ ಪ್ರೀತಿ ಉಂಟು, ಚಿಕ್ಕ ಕಾಲುವೆ ಇಲ್ಲ. ಮಗುವಿನ ಬೇರನ್ನು ಮುಟ್ಟುವದು ತಂದೆಯ ಹೃದಯದಲ್ಲಿ ಎಷ್ಟು ಅಡಿ ನೀರು ಇದೆಯೆಂಬದಲ್ಲ. ಮದ್ದೂರಿನಿಂದ ಬರುವಾಗ ಕಾಗದದಲ್ಲಿ ಕಟ್ಟಿಸಿ ತಂದ ಒಂದು ವಡೆ, ಪಾಠದ ಪುಸ್ತಕವನ್ನು ಕೈಗೆ ತೆಗೆದುಕೊಂಡು ಈ ಹೊತ್ತು ಏನು ಕಲಿತೆ ಮಗು ಎಂದು ಕೇಳಿದ ಒಂದು ಮಾತು.

ಇದೇ ಸೀಮೆಯ ಇನ್ನೊಂದು ಸಂಗತಿಯನ್ನೂ ನೆನೆಸಿರಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವ ರಭಸದಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪನ್ನಮಾಡಿದರು. ಅದು ಮೊದಲು ಸುಮಾರು ತೊಂಭತ್ತು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನಲ್ಲಿ ಬೆಳಕಾಯಿತು. ಸುತ್ತಲಿನ ಹಳ್ಳಿಗಳ ಬಡ ಮನೆಗಳಲ್ಲಿಯೋ ಬಹುಕಾಲ ಎಣ್ಣೆಯ ಬುಡ್ಡಿಯೇ ಉರಿಯಿತು. ಇದನ್ನು ಹೇಳಿ ಯಾರನ್ನೂ ದೂರುವದು ನಮ್ಮ ಉದ್ದೇಶವಲ್ಲ. ಆದರೆ ನಮ್ಮಲ್ಲಿ ಕೆಲವರ ಬೆಳಕೂ ಹೀಗೆ ದೂರ ಹೋಗುವದುಂಟು. ಸಂಘದಲ್ಲಿ, ಪಂಚಾಯಿತಿಯಲ್ಲಿ, ಸಭೆಯ ಕಮಿಟಿಯಲ್ಲಿಯೂ ನಗುನಗುತ್ತಾ ಮಾತಾಡುವವನು ತನ್ನ ಹೊಸ್ತಿಲು ತುಳಿದೊಡನೆ ಮುಖ ಗಂಟಿಕ್ಕುತ್ತಾನೆ. ಊರಿಗೆಲ್ಲಾ ಬೆಳಕಾದವನು ಹೆಂಡತಿಯ ಪಾಲಿಗೆ ಕತ್ತಲೆಯಾಗಬಾರದು. ದೀಪವು ಮನೆಯಲ್ಲಿರುವವರೆಲ್ಲರಿಗೆ ಬೆಳಕು ಕೊಡಬೇಕೆಂಬದನ್ನು ಕರ್ತನೇ ಬೆಟ್ಟದ ಮೇಲಣ ಪ್ರಸಂಗದಲ್ಲಿ ಬೋಧಿಸಿದ್ದಾನಲ್ಲವೋ?

ಮೂರನೆಯದಾಗಿ, ಚಿಕ್ಕ ಹೊತ್ತುಗಳಲ್ಲಿಯೇ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತೇವೆ. ಎಮ್ಮಾಹುವಿಗೆ ಹೋದ ಇಬ್ಬರು ಶಿಷ್ಯರ ಕಥೆಯನ್ನು ಜ್ಞಾಪಿಸಿಕೊಳ್ಳಿರಿ. ಪುನರುತ್ಥಾನನಾದ ಕರ್ತನು ಅವರ ಸಂಗಡ ದಾರಿಯುದ್ದಕ್ಕೂ ನಡೆದನು, ಶಾಸ್ತ್ರವನ್ನೆಲ್ಲಾ ಬಿಡಿಸಿ ಹೇಳಿದನು. ಆದರೂ ಅವರು ಆತನನ್ನು ಅರಿಯಲಿಲ್ಲ. ಸಂಜೆಯಾದ ಮೇಲೆ ಮನೆಯೊಳಗೆ ಊಟಕ್ಕೆ ಕೂತು ಆತನು ರೊಟ್ಟಿಯನ್ನು ಮುರಿದು ಕೊಟ್ಟಾಗ ಅವರ ಕಣ್ಣುಗಳು ತೆರೆದವು. ದೊಡ್ಡ ಮಾತುಗಳಿಂದ ತೆರೆಯದ ಕಣ್ಣು ಒಂದು ತುತ್ತಿನಿಂದ ತೆರೆಯಿತು. ಒಟ್ಟಿಗೆ ಉಣ್ಣುವದು ಹೊಟ್ಟೆಗೆ ಮಾತ್ರ ಆಗುವ ಕೆಲಸವಲ್ಲ. ಎದುರಿಗೆ ಕೂತವರ ಮುಖವನ್ನು ಕಾಣುವದಕ್ಕೆ ದೇವರು ಇಟ್ಟ ಹೊತ್ತು ಅದು.

ಈ ಮಾತು ನಮ್ಮ ಸೀಮೆಯಲ್ಲಿ ಎಷ್ಟು ಮುಖ್ಯವೆಂದು ಹೇಳುವಾಗ ಮನಸ್ಸು ಭಾರವಾಗುತ್ತದೆ. 2015ನೆಯ ಇಸವಿಯಲ್ಲಿ ಸಕ್ಕರೆಯ ಬೆಲೆ ಕುಸಿದು, ಕಬ್ಬಿನ ಹಣ ಹೊತ್ತಿಗೆ ಕೈಸೇರದೆ, ಸಾಲದ ಭಾರವನ್ನು ತಾಳಲಾರದೆ ಮಂಡ್ಯ ಜಿಲ್ಲೆಯ ಅನೇಕ ರೈತರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರ ಮನೆಯವರಲ್ಲಿ ಪ್ರೀತಿಯಿರಲಿಲ್ಲವೆಂದು ಯಾರೂ ಬಾಯಿ ಬಿಡಬಾರದು; ಹಾಗೆ ಹೇಳುವದು ಗಾಯದ ಮೇಲೆ ಖಾರ ಎರಚಿದ ಹಾಗೆ. ಒಟ್ಟಿಗೆ ಕೂತು ಉಂಡದರಿಂದ ಸಾಲ ತೀರುವದೂ ಇಲ್ಲ. ಬೆಳೆಗೆ ತಕ್ಕ ಬೆಲೆ, ಬೆಲೆಗೆ ತಕ್ಕ ಹಣ ಸಿಕ್ಕಬೇಕಾದದ್ದು ನ್ಯಾಯ. ಆದರೆ ಒಂದು ಮಾತನ್ನು ಹೇಳದೆ ಇರಲಾಗದು. ಗಂಡಸು ತನ್ನ ಸಾಲವನ್ನು ಎಲ್ಲರಿಗಿಂತ ಮೊದಲು ಹೆಂಡತಿಯಿಂದಲೇ ಮರೆಮಾಡುತ್ತಾನೆ. ಬಾಯಿ ಮರೆಮಾಡಿದ್ದನ್ನು ತಟ್ಟೆಯು ಹೇಳುತ್ತದೆ. ಎರಡು ಮುದ್ದೆ ಉಣ್ಣುತ್ತಿದ್ದವನು ಅರ್ಧಕ್ಕೆ ಕೈ ತೊಳೆದನು. ಉಪ್ಪುಸಾರಿಗೆ ಖಾರ ಸಾಲದೆಂದು ದಿನವೂ ಗದರುತ್ತಿದ್ದವನು ಏನೂ ಅನ್ನದೆ ಎದ್ದನು. ಮಗು ಬಂದು ತೊಡೆಯೇರಿದರೂ ಕೈಯೆತ್ತಲಿಲ್ಲ. ಇವು ಚಿಕ್ಕ ಗುರುತುಗಳು. ಜತೆಯಲ್ಲಿ ಕೂತು ಉಣ್ಣುವವರಿಗೆ ಮಾತ್ರ ಇವು ಕಾಣುತ್ತವೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ, ಒಂದೊಂದು ಹೊತ್ತಿನಲ್ಲಿ, ಫೋನಿನ ಮೇಲೆ ಕಣ್ಣಿಟ್ಟು ಉಣ್ಣುವ ಮನೆಯಲ್ಲಿ ಯಾರು ಉಂಡರು ಯಾರು ಬಿಟ್ಟರು ಎಂಬದು ಯಾರಿಗೆ ತಿಳಿಯುವದು?

ಆದಕಾರಣ ತಾಯಂದಿರೇ, ಯಾಕಪ್ಪಾ ಹಿಟ್ಟು ಬಿಟ್ಟೆ ಎಂದು ಕೇಳುವದಕ್ಕೆ ನಾಚಬೇಡಿರಿ. ಏನೂ ಇಲ್ಲ ಬಿಡವ್ವಾ ಎಂದು ಅವನು ಅಂದರೆ ಅಷ್ಟಕ್ಕೆ ಬಿಡಬೇಡಿರಿ. ಪಾತ್ರೆಗಳನ್ನು ಎತ್ತಿಟ್ಟು ಬಂದು ಅವನ ಹತ್ತಿರ ಸುಮ್ಮನೆ ಕೂತುಕೊಳ್ಳಿರಿ. ಗಂಡಸರೇ, ಹೆಂಡತಿಯ ಹತ್ತಿರ ಸಾಲದ ಲೆಕ್ಕವನ್ನು ಬಿಚ್ಚಿ ಹೇಳುವದು ಅವಮಾನವಲ್ಲ. ಇಬ್ಬರು ಹೊತ್ತ ಹೊರೆ ಅರ್ಧವಾಗುವದು. ಮನಸ್ಸಿನ ಕತ್ತಲೆ ಮಿತಿಮೀರಿದರೆ ನಿಮ್ಮ ಸಭಾಪಾಲಕರ ಬಳಿಗೆ ಹೋಗಿರಿ, ಆಸ್ಪತ್ರೆಯ ವೈದ್ಯರ ಬಳಿಗೆ ಹೋಗಿರಿ. ಸರಕಾರದವರು ಟೆಲಿ ಮಾನಸ್ ಎಂಬ ಹೆಸರಿನಲ್ಲಿ 14416 ಎಂಬ ನಂಬರನ್ನು ಇಟ್ಟಿದ್ದಾರೆ, ಅದಕ್ಕೆ ಫೋನು ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಸಹಾಯ ಕೇಳುವದು ಅವಿಶ್ವಾಸವಲ್ಲ. ಜೀವಕ್ಕೆ ಬೇಸತ್ತು ಮರದ ಕೆಳಗೆ ಮಲಗಿದ ಎಲೀಯನಿಗೂ ದೇವರು ಮೊದಲು ಕೊಟ್ಟದ್ದು ಉಪದೇಶವಲ್ಲ. ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತು ನಿದ್ರೆ.

ನಾಲ್ಕನೆಯದಾಗಿ, ಬಡತನವೂ ಸಾಲವೂ ಇರುವ ಮನೆಯಲ್ಲಿ ಈ ತುಂಡುಗಳನ್ನು ಕೂಡಿಸಲು ಸಾಧ್ಯವೋ ಎಂದು ನೀವು ಕೇಳಬಹುದು. ಸಾಧ್ಯವೆಂಬದಕ್ಕೆ ಒಂದು ನಿಜವಾದ ದೃಷ್ಟಾಂತವನ್ನು ಹೇಳುತ್ತೇವೆ. ಮೈಸೂರು ಸೀಮೆಯಲ್ಲಿ ಸುವಾರ್ತೆಯನ್ನು ಸಾರಿ ಶಾಲೆ ಆಸ್ಪತ್ರೆಗಳನ್ನು ಕಟ್ಟಿದ ವೆಸ್ಲಿಯನ್ ಮಿಷನ್ನಿನ ಹೆಸರನ್ನು ನಮ್ಮ ಹಿರಿಯರು ಬಲ್ಲರು. ಆ ಹೆಸರು ಜಾನ್ ವೆಸ್ಲಿಯವರಿಂದ ಬಂದದ್ದು. ಅವರ ತಾಯಿ ಸುಸನ್ನಾ ವೆಸ್ಲಿ ಇಂಗ್ಲೆಂಡ್ ದೇಶದ ಎಪ್ವರ್ತ್ ಎಂಬ ಊರಿನಲ್ಲಿ ಒಬ್ಬ ಸಭಾಪಾಲಕನ ಹೆಂಡತಿ. ಆಕೆಗೆ ಹತ್ತೊಂಬತ್ತು ಮಕ್ಕಳು ಹುಟ್ಟಿದರು. ಒಂಬತ್ತು ಮಂದಿ ಶಿಶುಗಳಾಗಿದ್ದಾಗಲೇ ತೀರಿಕೊಂಡರು. ಗಂಡನು ಸಾಲ ತೀರಿಸಲಾರದೆ 1705ರಲ್ಲಿ ಲಿಂಕನ್ ಪಟ್ಟಣದ ಸೆರೆಮನೆಯನ್ನು ಸೇರಿದನು. 1709ರಲ್ಲಿ ಮನೆಯೇ ಸುಟ್ಟು ಬೂದಿಯಾಯಿತು; ಐದು ವರುಷದ ಜಾನನನ್ನು ಉರಿಯುವ ಮನೆಯ ಕಿಟಕಿಯಿಂದ ಎತ್ತಿ ಉಳಿಸಿಕೊಂಡರು.

ಇಷ್ಟು ಕಷ್ಟಗಳ ನಡುವೆ ಆ ತಾಯಿಯು ಏನು ಮಾಡಿದಳು? ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆ ಕೊಟ್ಟಳೆಂದು ಆಕೆಯೇ 1712ರಲ್ಲಿ ಗಂಡನಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಆ ಸಂಜೆ ಆ ಮಗುವನ್ನು ಪ್ರತ್ಯೇಕವಾಗಿ ಕರೆದು, ಅದರ ಆತ್ಮದ ಹಿತವನ್ನು ಕುರಿತು ಸ್ವಲ್ಪ ಹೊತ್ತು ಮಾತಾಡುವಳು. ಜಾನನಿಗೆ ಗುರುವಾರ, ಚಾರ್ಲ್ಸನಿಗೆ ಶನಿವಾರ. ಆಕೆಯ ಬಳಿಯಲ್ಲಿ ಕೊಡುವದಕ್ಕೆ ಬೇರೆ ಆಸ್ತಿಯಿರಲಿಲ್ಲ. ದಿನದ ಒಂದು ತುಂಡಿತ್ತು, ಅದನ್ನು ಕೊಟ್ಟಳು. ಮುಂದೆ 1732ರಲ್ಲಿ ಜಾನ್ ವೆಸ್ಲಿಯವರು ಆಕ್ಸ್‌ಫರ್ಡಿನಲ್ಲಿ ದೊಡ್ಡ ವಿದ್ವಾಂಸರಾಗಿದ್ದಾಗ ತಾಯಿಗೆ ಕಾಗದ ಬರೆದು, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತು ತನಗೆ ಈಗಲೂ ಸಿಕ್ಕಿದರೆ ಎಷ್ಟೋ ಪ್ರಯೋಜನವಾಗುವದೆಂದು ಹಂಬಲಿಸಿದರು. ನೋಡಿರಿ, ಇಪ್ಪತ್ತು ವರುಷ ಕಳೆದರೂ ಆ ತುಂಡು ಹಳಸಲಿಲ್ಲ! ಆ ಮನೆಯಿಂದ ಹೊರಟ ಇಬ್ಬರು ಅಣ್ಣತಮ್ಮಂದಿರ ಸೇವೆಯ ಫಲವು ಕಾವೇರಿಯ ದಡದ ನಮ್ಮ ಹಳ್ಳಿಗಳ ವರೆಗೂ ಬಂದಿತು.

ಇನ್ನು ಈ ತುಂಡುಗಳನ್ನು ಕೂಡಿಸುವ ಕ್ರಮವನ್ನು ಹೇಳುತ್ತೇವೆ. ಇದನ್ನು ಹೊಸದಾಗಿ ಕಂಡುಹಿಡಿಯಬೇಕಾದದ್ದಿಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮೋಶೆಯು ಮಕ್ಕಳಿಗೆ ದೇವರ ಮಾತನ್ನು ಕಲಿಸಬೇಕಾದ ಹೊತ್ತುಗಳನ್ನು ಎಣಿಸುವಾಗ, ಗುಡಾರದ ಹಬ್ಬಗಳನ್ನು ಹೇಳಲಿಲ್ಲ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂಬ ನಾಲ್ಕು ಹೊತ್ತುಗಳನ್ನು ಹೇಳಿದನು. ಯಾವ ಬಡವನಿಗೂ ಈ ನಾಲ್ಕು ಹೊತ್ತುಗಳು ಇಲ್ಲದೆ ಇಲ್ಲ.

ಮನೆಯಲ್ಲಿ ಕೂತಿರುವಾಗ: ದಿನಕ್ಕೆ ಒಂದು ಊಟವನ್ನಾದರೂ ಎಲ್ಲರೂ ಒಟ್ಟಿಗೆ ಉಣ್ಣಿರಿ. ಫೋನನ್ನು ಗೂಡಿನಲ್ಲಿಟ್ಟು ಕೂಡ್ರಿರಿ. ಸ್ತೋತ್ರದ ಪ್ರಾರ್ಥನೆಯನ್ನು ಒಂದು ದಿನ ತಂದೆ, ಒಂದು ದಿನ ತಾಯಿ, ಒಂದು ದಿನ ಮಗು ಮಾಡಲಿ. ಮುದ್ದೆ ತೊಳಸಿ ಬೆವರಿದ ಹೆಂಡತಿಯು ಎಲ್ಲರೂ ಎದ್ದ ಮೇಲೆ ಒಬ್ಬಳೇ ತಣ್ಣಗಾದದ್ದನ್ನು ಉಣ್ಣುವ ಪದ್ಧತಿಯು ಕ್ರೈಸ್ತರ ಮನೆಗೆ ತಕ್ಕದ್ದಲ್ಲ. ಆಕೆಯೂ ಪಂಕ್ತಿಯಲ್ಲಿ ಕೂಡ್ರಲಿ. ಕರ್ತನ ಮೇಜಿನಲ್ಲಿ ಗಂಡಹೆಂಡಿರು ಒಂದೇ ಪಾತ್ರೆಯಿಂದ ಕುಡಿಯುವಾಗ ಮನೆಯಲ್ಲಿ ಭೇದವೇಕೆ?

ದಾರಿ ನಡೆಯುವಾಗ: ಗದ್ದೆಗೆ ಹೋಗುವಾಗ ಮಗನನ್ನು ಕರೆದುಕೊಂಡು ಹೋಗಿರಿ. ಎದುರೆದುರು ಕೂತಾಗ ಬಾಯಿ ಬಿಡದ ಹುಡುಗನು ಬದುವಿನ ಮೇಲೆ ಹಿಂದೆ ಹಿಂದೆ ನಡೆಯುವಾಗ ಮನಸ್ಸು ಬಿಚ್ಚುವನು. ಆಲೆಮನೆಯಲ್ಲಿ ಕೊಪ್ಪರಿಗೆಯ ಬೆಲ್ಲ ಇಳಿಸಿದ ಮೇಲೆ ಮಕ್ಕಳಿಗೆ ಬಿಸಿ ಬಿಸಿಯಾಗಿ ಒಂದು ಚೂರು ಕೊಡುವದುಂಟಲ್ಲವೇ? ಆ ರುಚಿಯು ಮುಪ್ಪಿನ ವರೆಗೂ ನಾಲಿಗೆಯಲ್ಲಿ ಇರುವದು. ಬಸ್ಸಿನಲ್ಲಿ ಜತೆಯಾಗಿ ಕೂತ ಒಂದು ಗಂಟೆಯೂ ಹಾಗೆಯೇ.

ಮಲಗುವಾಗ: ಆ ದಿನದ ಕೋಪವನ್ನು ಆ ದಿನವೇ ಮುಗಿಸಿರಿ. ಹೊತ್ತು ಮುಳುಗುವ ತನಕ ಕೋಪವನ್ನು ಇಟ್ಟುಕೊಳ್ಳಬಾರದೆಂದು ಪೌಲನು ಎಫೆಸದವರಿಗೆ ಬುದ್ಧಿಹೇಳಿದ್ದು ಸಂಸಾರಸ್ಥರಿಗೆ ಬಹಳ ತಕ್ಕ ಮಾತು. ಮಗುವಿನ ತಲೆಯ ಮೇಲೆ ಕೈಯಿಟ್ಟು ಒಂದು ಮಾತು ಪ್ರಾರ್ಥಿಸಿ ಹೊದಿಕೆ ಹೊದಿಸಿರಿ. ಏಳುವಾಗ: ಮಕ್ಕಳನ್ನು ಬೈಗುಳದಿಂದ ಎಬ್ಬಿಸಬೇಡಿರಿ, ಹೆಸರು ಹಿಡಿದು ಎಬ್ಬಿಸಿರಿ. ದಿನದ ಮೊದಲನೆಯ ಮಾತು ಸಿಹಿಯಾದರೆ ದಿನವೆಲ್ಲಾ ಸಿಹಿ.

ನಮಗೆ ಇಷ್ಟೂ ಹೊತ್ತಿಲ್ಲ ಎಂದು ಕೆಲವರು ಹೇಳಾರು. ನಿಜವೇ. ಮದ್ದೂರಿನ ಕಡೆಯ ಎಷ್ಟೋ ಸಹೋದರಿಯರು ಕತ್ತಲೆಯಲ್ಲಿ ಎದ್ದು ಅಡಿಗೆ ಮುಗಿಸಿ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತಾರೆ. ಎಷ್ಟೋ ತಂದೆಗಳು ಬೆಂಗಳೂರಿನಲ್ಲಿ ದುಡಿದು ವಾರಕ್ಕೋ ತಿಂಗಳಿಗೋ ಒಮ್ಮೆ ಬರುತ್ತಾರೆ. ಸರದಿಯ ನೀರು ನಡುರಾತ್ರಿಯಲ್ಲಿ ಬಂದರೆ ಆಗಲೇ ಹೋಗಬೇಕು. ಆದರೆ ನೆನಸಿಕೊಳ್ಳಿರಿ: ಕರ್ತನು ಶಿಷ್ಯರಿಗೆ ಕೂಡಿಸಲು ಹೇಳಿದ್ದು ಇಡೀ ರೊಟ್ಟಿಗಳನ್ನಲ್ಲ, ತುಂಡುಗಳನ್ನು. ಇಡೀ ದಿನವು ನಿಮಗೆ ಸಿಕ್ಕಲಿಕ್ಕಿಲ್ಲ, ತುಂಡು ಸಿಕ್ಕುವದು. ದೂರದಲ್ಲಿರುವ ತಂದೆಯು ದಿನವೂ ಒಂದೇ ಹೊತ್ತಿಗೆ ಫೋನು ಮಾಡಿ, ದುಡ್ಡಿನ ಮಾತನ್ನು ಆಮೇಲೆ ಇಟ್ಟುಕೊಂಡು, ಮೊದಲು ಮಗುವಿನ ಮಾತನ್ನು ಕೇಳಲಿ. ಸಂಸಾರವನ್ನು ಕೆಡಿಸುವ ಫೋನೇ ಆಗ ಕೂಡಿಸುವ ಪುಟ್ಟಿಯಾಗುವದು.

ಪುಟ್ಟಿಗೆ ತೂತಿದ್ದರೆ ಮಾತ್ರ ಎಷ್ಟು ಆಯ್ದರೂ ಉಳಿಯದು. ಬ್ರಾಂದಿಯಂಗಡಿಯು ಅಂಥ ಒಂದು ತೂತು. ದುಡ್ಡಿಗಿಂತ ಹೆಚ್ಚಾಗಿ ಅದು ಸಂಜೆಗಳನ್ನು ನುಂಗುತ್ತದೆ. ಅಪ್ಪ ಬರುವ ಸದ್ದು ಕೇಳಿ ಮಕ್ಕಳು ಬಾಗಿಲಿಗೆ ಓಡಿ ಬರುವರೋ ಅಥವಾ ಕಂಬಳಿಯೊಳಗೆ ಮುಖ ಮುಚ್ಚಿಕೊಳ್ಳುವರೋ ಎಂಬದನ್ನು ಪ್ರತಿಯೊಬ್ಬ ಗಂಡಸು ತನ್ನನ್ನು ತಾನೇ ಕೇಳಿಕೊಳ್ಳಲಿ. ನಾಲಿಗೆಯ ಕೊಂಕು ಮತ್ತೊಂದು ತೂತು. ಅತ್ತೆಯ ಒಂದು ಚುಚ್ಚುಮಾತು, ಸೊಸೆಯ ಒಂದು ಎದುರುಮಾತು ಒಂದು ವಾರದ ಸಮಾಧಾನವನ್ನು ಸೋರಿಸಿಬಿಡುವದು.

ನಮ್ಮಲ್ಲಿ ವಿಧವೆಯರೂ, ಮಕ್ಕಳಿಲ್ಲದವರೂ, ಮಕ್ಕಳು ಪಟ್ಟಣ ಸೇರಿ ಒಂಟಿಯಾಗಿ ಉಣ್ಣುವ ಮುದುಕರೂ ಇದ್ದಾರೆ. ಅವರು ಇದನ್ನು ಓದಿ, ನಮ್ಮ ತುಂಡುಗಳು ಮುಗಿದುಹೋದವೆಂದು ನಿಟ್ಟುಸಿರು ಬಿಡಬಾರದು. ಸಭೆಯೂ ದೇವರ ಮನೆಯೇ. ನೆರೆಮನೆಯ ಅಜ್ಜಿಯು ಒಬ್ಬಳೇ ಇದ್ದರೆ ಭಾನುವಾರದ ಆರಾಧನೆಯ ಮೇಲೆ ಆಕೆಯನ್ನು ಊಟಕ್ಕೆ ಕರೆಯಿರಿ. ಮಕ್ಕಳ ಕೈಯಲ್ಲಿ ಒಂದು ಬಟ್ಟಲು ಸಾರು ಕಳುಹಿಸಿರಿ. ಹನ್ನೆರಡು ಪುಟ್ಟಿ ತುಂಬಿದ್ದು ಊಟದಲ್ಲಿ ಮಿಕ್ಕದರಿಂದ. ನಿಮ್ಮ ಮನೆಯಲ್ಲಿ ಮಿಕ್ಕ ಪ್ರೀತಿಯಿಂದ ಮತ್ತೊಂದು ಮನೆ ತುಂಬೀತು.

ಕಡೆಯ ಮಾತು. ಯಾಯೀರನ ಮಗಳು ಸತ್ತಾಗ ಕರ್ತನು ಅವಳ ಕೈಹಿಡಿದು ಎಬ್ಬಿಸಿದನು. ಮರಣವನ್ನು ಜಯಿಸಿದ ಆ ಗಳಿಗೆಯಲ್ಲಿ ಮನೆಯವರೆಲ್ಲರೂ ಬೆರಗಾಗಿ ನಿಂತಿದ್ದಾಗ, ಆತನು ಅವರಿಗೆ ಹೇಳಿದ್ದು ಹುಡುಗಿಗೆ ತಿನ್ನಲಿಕ್ಕೆ ಏನಾದರೂ ಕೊಡಬೇಕೆಂದು! ಅಂಥ ಮಹಿಮೆಯ ಹೊತ್ತಿನಲ್ಲಿಯೂ ಒಂದು ಮಗುವಿನ ಹಸಿವನ್ನು ಮರೆಯದ ಕರ್ತನು ನಮ್ಮವನು. ಜೀವವನ್ನು ಕೊಡುವದು ಆತನ ಕೆಲಸ. ತುತ್ತು ಕೊಡುವದನ್ನು ತಾಯಿತಂದೆಗಳಿಗೆ ಬಿಟ್ಟನು. ಅದು ಅಲ್ಪವಾದ ಪಾಲಲ್ಲ. ಈ ರಾತ್ರಿ ಒಲೆಯ ಮುಂದೆ ನಿಮ್ಮವರು ಕೂತಾಗ ಒಬ್ಬೊಬ್ಬರ ಮುಖವನ್ನೂ ನೋಡಿರಿ. ಯಾರೂ ಎಂದೆಂದಿಗೂ ಅಲ್ಲಿ ಕೂತಿರುವದಿಲ್ಲ. ಇರುವಾಗಲೇ ಕೂಡಿಸಿರಿ, ಒಂದು ತುಂಡಾದರೂ ಹಾಳಾಗದಿರಲಿ.

ಪ್ರಾರ್ಥನೆ: ಪರಲೋ‌ಕದಲ್ಲಿರುವ ತಂದೆಯೇ, ನೀನು ದಿನದಿನವೂ ಕೊಡುವ ಅನ್ನಕ್ಕಾಗಿಯೂ, ಅದನ್ನು ಜತೆಯಲ್ಲಿ ಉಣ್ಣಲು ಕೊಟ್ಟ ಮನೆಯವರಿಗಾಗಿಯೂ ಸ್ತೋತ್ರಮಾಡುತ್ತೇವೆ. ಸಾಲದಿಂದ ಕುಗ್ಗಿದವರನ್ನು ಎತ್ತು, ನೀರಿಗಾಗಿ ಕಾಯುವವರ ಹೊಲಕ್ಕೆ ನೀರು ಕೊಡು, ದೂರದಲ್ಲಿ ದುಡಿಯುವವರನ್ನು ಸುಖವಾಗಿ ಮನೆಗೆ ತಲಪಿಸು. ನಾವು ಕಳೆದ ತುಂಡುಗಳನ್ನು ಕ್ಷಮಿಸಿ, ಉಳಿದವುಗಳನ್ನು ಕೂಡಿಸುವದಕ್ಕೆ ಕಣ್ಣನ್ನೂ ಮನಸ್ಸನ್ನೂ ದಯಪಾಲಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.